ಆರಬಾರದ ಚುಕ್ಕಿ

ಜುಲೈ ೧೪

ಸಮಸ್ತ ಹುಲ್ಲುಗಾವಲಿಗೂ, ಅದರ ಮೇಲೆ ಮೇಯುವ ನಾಲ್ಕು ಕಾಲಿನ ಹಾಗೂ ಎರಡು ಕಾಲಿನ ಪ್ರಜೆಗಳಿಗೂ ತಿಳಿಯಪಡಿಸುವುದೇನೆಂದರೆ, ಈ ದಿನ ನಮ್ಮ ಗುಡಾರಕ್ಕೆ ವಿಜ್ಞಾನವು ದಯಮಾಡಿಸಿತು. ಬಂದದ್ದು ದುಲ್ಮಾ ಅಕ್ಕನ ಮೋಟರ್‌ಸೈಕಲ್ಲಿನ ಹಿಂದೆ, ಲಸಿಕೆ ಡಬ್ಬಿಗೂ ಅವಳ ಮಗನ ಹರಿದ ಬೂಟಿಗೂ ನಡುವೆ ಸಿಕ್ಕಿಹಾಕಿಕೊಂಡು.

ದುಲ್ಮಾ ಅಕ್ಕ ನಮ್ಮ ಕಣಿವೆಗೆಲ್ಲ ಒಬ್ಬಳೇ ನರ್ಸು, ಒಬ್ಬಳೇ ಡಾಕ್ಟರು. ವಿಜ್ಞಾನ ಅಂದರೆ ಒಂದು ಬೂದು ಬಣ್ಣದ ಕೈಪಟ್ಟಿ. ಬ್ಯಾಟರಿ ಇಲ್ಲ, ಚಾರ್ಜರ್ ಇಲ್ಲ. ಕೈ ಆಡಿದರೆ ಆ ಆಟದಿಂದಲೇ ತನ್ನ ಕರೆಂಟು ತಾನೇ ಹುಟ್ಟಿಸಿಕೊಂಡು ಎದೆಬಡಿತ ಬರೆದುಕೊಳ್ಳುತ್ತದಂತೆ. ಕರೆಂಟು ಇರುವಷ್ಟು ಹೊತ್ತು ಒಂದು ಹಸಿರು ಚುಕ್ಕಿ ಮಿನುಗುತ್ತದೆ.

"ಕರೆಂಟಿಲ್ಲದ ಜನಕ್ಕೆ ಅಂತಲೇ ಮಾಡಿದ್ದು" ಅಂದಳು ದುಲ್ಮಾ ಅಕ್ಕ.

"ಎಲ್ಲರ ಗುಡಾರದ ಮೇಲೂ ಸೋಲಾರ್ ಹಲಗೆ ಇದೆಯಲ್ಲಕ್ಕಾ? ಗೊಂಬೋ ಮಾಮ ಟಿ.ವಿ. ಮುಂದೆನೇ ಮಲಗ್ತಾನೆ."

"ಅದು ಯೋಜನೆ ಬರೆದೋರಿಗೆ ಗೊತ್ತಿಲ್ಲ. ನೀನೂ ಹೇಳಬೇಡ."

ಅಜ್ಜಿಯ ಎದೆ ವಸಂತದಿಂದ ಆಗಾಗ ಬಡಿಯುವುದನ್ನೇ ಮರೆಯುತ್ತದೆ. ನಿಂತಲ್ಲೇ ಖಾಲಿ ಚೀಲದ ಹಾಗೆ ಕುಸಿಯುತ್ತಾರೆ, ಆಮೇಲೆ ಕಣ್ಣುಬಿಟ್ಟು "ಚಹಾ ಉಕ್ಕಿತೇನೇ?" ಅನ್ನುತ್ತಾರೆ. ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಅದೇ ಎದೆ, ನೆಂಟರ ಮುಂದೆ ಮಕ್ಕಳು ಕೈಕಟ್ಟಿ ಕೂರುವ ಹಾಗೆ, ಅಷ್ಟು ಚೆನ್ನಾಗಿ ನಡೆದುಕೊಂಡಿತು. ಏನೂ ಇಲ್ಲ ಅಂದು ಕಳಿಸಿದರು. ಈಗ ಪಟ್ಟಿ ಬರೆದದ್ದನ್ನು ನೋಡಿ, ಶರತ್ಕಾಲದಲ್ಲಿ ನಮ್ಮ ಕಣಿವೆಯಿಂದ ಒಬ್ಬರನ್ನು ಉಲಾನ್‌ಬಾತರಿಗೆ ಕರೆಸಿಕೊಂಡು, ಎದೆಯೊಳಗೆ ಬಡಿತ ನೆನಪಿಸುವ ಸಣ್ಣ ಯಂತ್ರ ಇಡುತ್ತಾರಂತೆ. ಒಬ್ಬರನ್ನೇ.

"ಅದಕ್ಕೇ ಹೇಳೋದು, ಚುಕ್ಕಿ ಆರಬಾರದು" ಅಂದಳು ದುಲ್ಮಾ ಅಕ್ಕ. "ಆರಿಸಿಕೊಂಡು ಕೂತರೆ, ಇವರು ಕಟ್ಟಿಕೊಳ್ತಾನೇ ಇಲ್ಲ ಅಂತ ಪಟ್ಟಿ ಕಿತ್ಕೊಂಡು ಬೇರೆಯವರಿಗೆ ಕೊಡ್ತಾರೆ."

ಹೆಸರು ಬರೆಸಬೇಕಾಯಿತು. ಅಜ್ಜಿಯ ಹೆಸರು ಎನೆಬಿಷ್. ಅಂದರೆ "ಇದಲ್ಲ". ಅವರಿಗಿಂತ ಮುಂಚೆ ಹುಟ್ಟಿದ ಕೂಸುಗಳೆಲ್ಲ ಹೋದವಂತೆ. ಸಾವು ಮತ್ತೆ ಬಂದು ಕೇಳಿದರೆ ದಾರಿ ತಪ್ಪಲಿ ಎಂದು ಇಟ್ಟ ಹೆಸರು. ನನ್ನದು ಖುಲಾನ್. ಅಂದರೆ ಕಾಡುಕತ್ತೆ. ಇಟ್ಟವರು ಅಜ್ಜಿಯೇ. ನನ್ನನ್ನು ಹೆತ್ತವಳು ನಗರದಲ್ಲಿ ಬೇರೆ ಸಂಸಾರ ಹೂಡುವಾಗ, ಬಿಟ್ಟು ಹೋದ ಸಾಮಾನಿನ ಜೊತೆ ನಾನೂ ಇದ್ದೆ.

ಜುಲೈ ೧೭

ಘೋರ ಸತ್ಯವೊಂದು ಬಯಲಾಗಿದೆ. ಅಜ್ಜಿ ಕೂತರೆ ಚುಕ್ಕಿ ಮಂಕಾಗುತ್ತದೆ, ಮಲಗಿದರೆ ಆರುತ್ತದೆ. ಅಜ್ಜಿಗೆ ಈಗ ಕೂರುವುದು, ಮಲಗುವುದು ಬಿಟ್ಟರೆ ಬೇರೆ ಹೆಚ್ಚು ಕೆಲಸವಿಲ್ಲ. ಕೆಲಸ ಮಾಡಬೇಡಿ ಎಂದವಳೂ ದುಲ್ಮಾ ಅಕ್ಕನೇ.

ಆದರೆ ಕಾಡುಕತ್ತೆಗೂ ಬುದ್ಧಿಯಿದೆ. ಬಾಗಿಲ ಪಕ್ಕದಲ್ಲಿ ಹುಳಿ ಬರಿಸಲು ತೂಗುಹಾಕಿದ ಕುದುರೆಹಾಲಿನ ತೊಗಲುಚೀಲ, ಅದರಲ್ಲಿ ಕಡೆಗೋಲು. ಅದನ್ನು ಕಂಡೂ ನಾಲ್ಕು ಸಲ ಕಡೆಯದೆ ಒಳಗೆ ಬಂದವನನ್ನು ನಮ್ಮಲ್ಲಿ ಮನುಷ್ಯ ಅನ್ನುವುದಿಲ್ಲ. ಪಟ್ಟಿಯನ್ನು ಅಜ್ಜಿಯ ಕೈಯಿಂದ ಬಿಚ್ಚಿ ನನ್ನ ಕೈಗೆ ಕಟ್ಟಿಕೊಂಡು ಕಡೆದೆ. ಚುಕ್ಕಿ ಪಚ್ಚೆಕಲ್ಲಿನ ಹಾಗೆ ಹೊಳೆಯಿತು. ತಿರುಗಿ ಅಜ್ಜಿಗೆ ಕಟ್ಟಿದೆ. ನಾನು ಬಿಂದಿಗೆ ತುಂಬುವವಳು, ಅವರು ಖರ್ಚು ಮಾಡುವವರು.

ಇನ್ನು ಮುಂದೆ ಈ ಗುಡಾರಕ್ಕೆ ಬರುವ ಯಾರೇ ಆಗಲಿ, ಮೊದಲು ಪಟ್ಟಿ ಧರಿಸಿ, "ಎನೆಬಿಷ್ ಅಜ್ಜಿಯವರ ಹೃದಯಕ್ಕೆ ಜಯವಾಗಲಿ" ಎಂದು ಮೂರು ಸಲ ಹೇಳಿ ಕಡೆಯತಕ್ಕದ್ದು ಎಂದು ಶಾಸನ ಹೊರಡಿಸಿದ್ದೇನೆ.

"ನನ್ನ ಎದೆಗೆ ಊರೆಲ್ಲ ಮೇವು ಹಾಕಬೇಕೇನೇ?" ಎಂದು ಅಜ್ಜಿ ನಕ್ಕರು. ಬೆಳಿಗ್ಗೆ ಎದ್ದು ಮೊದಲ ಹಾಲನ್ನು ಆಕಾಶಕ್ಕೆ ಚಿಮುಕಿಸುವಾಗ ಅವರ ತೋಳು ಅರ್ಧಕ್ಕೇ ನಿಂತಿತು. ಉಳಿದರ್ಧ ನಾನು ಚಿಮುಕಿಸಿದೆ. "ಆಕಾಶಕ್ಕೆ ಲಂಚ ಕೊಟ್ಟಿದ್ದಾಯ್ತು, ರಸೀದಿ ಎಲ್ಲಿ?" ಅಂದೆ. ಬೈಸಿಕೊಂಡೆ.

ಜುಲೈ ೨೬

ಗೊಂಬೋ ಮಾಮನಿಗೂ ಒಂದು ಪಟ್ಟಿ ಸಿಕ್ಕಿದೆ. ಹೊಳೆಯಾಚೆ ಒಬ್ಬನೇ ಇರುವವನು, ಎತ್ತಿನಂಥ ಮೈ. ಅವನಿಗಿರುವ ಒಂದೇ ಕಾಯಿಲೆ ಸೋಮಾರಿತನ. ದುಲ್ಮಾ ಅಕ್ಕ ಪರೀಕ್ಷೆ ಮಾಡಿದ ದಿನ ರಾತ್ರಿಯ ವೋಡ್ಕಾ ಇನ್ನೂ ಇಳಿದಿರಲಿಲ್ಲ, ಹಾಗಾಗಿ ಎದೆ ಸರಿಯಿಲ್ಲ ಎಂದು ಬರೆದುಕೊಂಡು ಹೋದಳು.

"ಲೇ ಕತ್ತೆ, ಇದನ್ನೂ ಹಸಿರು ಮಾಡಿಕೊಡೇ. ನನಗೆ ಕೈ ಆಡಿಸಿ ಆಡಿಸಿ ಸಾಕಾಯ್ತು."

"ಏನು ಆಡಿಸಿದೆ ಮಾಮ?"

"ಚಮಚ."

ಅಪ್ಪಣೆ ಶಿರಸಾವಹಿಸಿದೆ. ಅವನ ಹೋತದ ಮುಂಗಾಲಲ್ಲಿ ಒಂದು ಬಳೆಯಷ್ಟು ಅಗಲ ಕೂದಲು ಕತ್ತರಿಸಿ ಪಟ್ಟಿ ಕಟ್ಟಿದೆ. ಆ ಹೋತಕ್ಕೆ ಈಗ ಹೊಟ್ಟೆಯ ಕೆಳಗೆ ಉಣ್ಣೆಯ ಅಡ್ಡಬಟ್ಟೆ. ಅಕಾಲದಲ್ಲಿ ಆಡುಗಳ ಮೇಲೆ ಹಾರದಿರಲಿ ಎಂದು ಕಟ್ಟಿರುವುದು. ಅಡುಗೆಭಟ್ಟನ ಗಾಂಭೀರ್ಯದಿಂದ ಗುಡ್ಡ ಹತ್ತಿತು. ಸಂಜೆ ಬಿಚ್ಚಿಕೊಂಡು ಬಂದಾಗ ಚುಕ್ಕಿ ಎಂಥ ಹಸಿರು! ಗೊಂಬೋ ಮಾಮ ನನ್ನ ತಲೆ ಸವರಿ, ಇನ್ನು ಮೇಲೆ ದಿನಾ ನೀನೇ ಮಾಡಿಕೊಡು ಅಂದ. ಹೋತವೂ ಒಪ್ಪಿದೆ.

ಅಜ್ಜಿಗೆ ಹೇಳಿದಾಗ ನಗುತ್ತ ನಗುತ್ತ ಎದೆ ಹಿಡಿದುಕೊಂಡರು. ಇನ್ನು ಅಷ್ಟು ನಗಿಸಬಾರದು.

ಆಗಸ್ಟ್ ೩

ದುಲ್ಮಾ ಅಕ್ಕ ಬಂದಳು. ಶಾಸನಕ್ಕೆ ತಲೆಬಾಗಿ ಪಟ್ಟಿ ಕಟ್ಟಿಕೊಂಡು, ಜಯಘೋಷ ಹೇಳಿ, ಬೆವರು ಬರುವಷ್ಟು ಕಡೆದು, ಎರಡು ಬಟ್ಟಲು ಹುಳಿಹಾಲು ಕುಡಿದಳು. ಆಮೇಲೆ ಫೋನನ್ನು ಪಟ್ಟಿಯ ಹತ್ತಿರ ಹಿಡಿದಳು. ಬರೆದದ್ದೆಲ್ಲ ಫೋನಿಗೆ ಇಳಿಯುತ್ತದಂತೆ. ಅವಳು ಗುಡ್ಡ ಹತ್ತಿ ಸಿಗ್ನಲ್ ಸಿಕ್ಕಲ್ಲಿಂದ ನಗರಕ್ಕೆ ಕಳಿಸುತ್ತಾಳಂತೆ.

"ನೋಡ್ರೀ ಅಜ್ಜಿ! ಇಡೀ ತಾಲೂಕಿನಲ್ಲಿ ನಿಮ್ಮಷ್ಟು ನಿಯತ್ತಾಗಿ ಕಟ್ಟಿಕೊಂಡೋರು ಯಾರೂ ಇಲ್ಲ. ಉಳಿದೋರದ್ದೆಲ್ಲ ತೂತುತೂತು. ನಿಮ್ಮದು ಮಾತ್ರ ತುಂಬಿದ ಕೊಡ."

ನಾನು ಸಭೆಗೆ ನಮಸ್ಕರಿಸಿದೆ.

ಹೆಣ್ಣುಕುದುರೆಗಳ ಹಾಲು ಕರೆಯುವುದು ಈಗ ನನ್ನದೇ ಕೆಲಸ. ಮರಿ ತಂದು ಬಿಟ್ಟು, ಕುದುರೆ ಸೊರೆ ಬಿಟ್ಟ ಮೇಲೆ ಮರಿಯನ್ನು ಸರಿಸಿ, ಒಂದು ಮಂಡಿಯೂರಿ ಇನ್ನೊಂದರ ಮೇಲೆ ಬಕೆಟ್ಟು. ಅಜ್ಜಿ ಹಾಸಿಗೆಯ ಮೇಲಿಂದಲೇ ಮರಿಗಳ ಹೆಸರು ಹಿಡಿದು ಕರೆಯುತ್ತಾರೆ.

ಆಗಸ್ಟ್ ೧೧

ಇವತ್ತು ಅಜ್ಜಿ ಮರಿ ಕಟ್ಟುವ ಹಗ್ಗದ ಹತ್ತಿರ ಬಿದ್ದರು. ಹಣೆ ಒಡೆಯಿತು. ಓಡಿಹೋಗಿ ತಲೆ ಎತ್ತಿದಾಗ ಮೊದಲು ನೋಡಿದ್ದು ಪಟ್ಟಿಯನ್ನೇ. ಈ ಸಲ ಬರೆದುಕೊಂಡಿರುತ್ತದೆ, ಈ ಸಲ ಸಿಕ್ಕಿಬಿದ್ದಿರುತ್ತದೆ ಎಂದು.

ಚುಕ್ಕಿ ಆರಿತ್ತು. ಬೀಳುವ ಮುಂಚೆ ಬಹಳ ಹೊತ್ತು ಸುಮ್ಮನೆ ನಿಂತಿದ್ದರಂತೆ.

ನಾನು ಸಾಕಾಗುವಷ್ಟು ತುಂಬಿರಲಿಲ್ಲ. ನಾಳೆಯಿಂದ ಇನ್ನೂ ಹೆಚ್ಚು ಕಡೆಯಬೇಕು.

ಆಗಸ್ಟ್ ೨೪

ಜೀಪು ಬಂತು. ನಗರದಿಂದ ಡಾಕ್ಟರ್ ತೆಮುಲೆನ್ ಎಂಬ ಎಳೆ ಮಹಾನುಭಾವರು, ಜೊತೆಗೆ ಫೋಟೋದವನು. ಗೊಂಬೋ ಮಾಮನನ್ನೂ ನಮ್ಮಲ್ಲಿಗೇ ಕರೆಸಿದ್ದರು. ಅಜ್ಜಿ ನೀಲಿ ರೇಷ್ಮೆಯ ನಿಲುವಂಗಿ ತೊಟ್ಟು, ಹಣೆಯ ಗಾಯ ಮುಚ್ಚುವ ಹಾಗೆ ರುಮಾಲು ಬಿಗಿದು ಕೂತಿದ್ದರು.

"ಅಜ್ಜೀ, ಸಂತೋಷದ ಸುದ್ದಿ" ಅಂದರು ಡಾಕ್ಟರು. "ನಿಮ್ಮ ಎದೆಗೆ ಏನೂ ಆಗಿಲ್ಲ. ಕೆಲಸ ಮಾಡುವಾಗ ಏರುತ್ತೆ, ಬಿಟ್ಟ ತಕ್ಷಣ ಚೆಂದವಾಗಿ ಇಳಿಯುತ್ತೆ. ಹದಿನೆಂಟರ ಹುಡುಗಿಯ ಎದೆ ಇದು!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ನನ್ನ ವಯಸ್ಸು ನೆನಪಾಯಿತು.

ನಾನು ಕಡೆದು ಬಿಂದಿಗೆ ತುಂಬುವಾಗಲೂ ಅದು ಎದೆಬಡಿತ ಬರೆಯುತ್ತಲೇ ಇತ್ತು. ಚುಕ್ಕಿ ಬೆಳಗಿದ್ದಷ್ಟು ಹೊತ್ತೂ ಪಟ್ಟಿ ಇದ್ದದ್ದು ಹೆಚ್ಚುಕಡಿಮೆ ನನ್ನ ಕೈಯಲ್ಲಿ. ಅಜ್ಜಿಯ ಕೈಗೆ ಬಂದಾಗಲೆಲ್ಲ ಆರುತ್ತ ಇತ್ತು.

"ನಿಮ್ಮದು ಮಾತ್ರ ಗಾಬರಿ ಹುಟ್ಟಿಸುತ್ತೆ" ಎಂದು ಅವರು ಗೊಂಬೋ ಮಾಮನ ಕಡೆ ತಿರುಗಿದರು. "ಸುಮ್ಮನೆ ನಿಂತಾಗಲೂ ಓಡುತ್ತೆ, ಇದ್ದಕ್ಕಿದ್ದ ಹಾಗೆ ನೆಗೆಯುತ್ತೆ. ನಿಮ್ಮನ್ನು ಈ ತಿಂಗಳ ಕೊನೆಗೇ ಕರೆಸಿಕೊಳ್ತೇವೆ. ಯಂತ್ರ ಇಡೋಕೆ ಕಣಿವೆಯಿಂದ ನಿಮ್ಮ ಹೆಸರೇ ಹೋಗಿದೆ."

ನಾನು ಎದ್ದು ನಿಂತೆ. "ಡಾಕ್ಟ್ರೇ, ಅದು ಹೋತದ ಎದೆ. ಇದು ನನ್ನದು."

ಎಂಥ ನಗು ಅಂತೀನಿ! ಫೋಟೋದವನು ಕ್ಯಾಮೆರಾ ಕೆಳಗಿಟ್ಟು ನಕ್ಕ.

"ಇವಳು ಹಿಂಗೇ ಡಾಕ್ಟ್ರೇ" ಅಂದ ಗೊಂಬೋ ಮಾಮ, ಬೆವರು ಒರೆಸಿಕೊಳ್ಳುತ್ತ. "ಹೋದ ಚಳಿಗಾಲ ತಾಲೂಕು ಅಧ್ಯಕ್ಷರು ಸತ್ತರು ಅಂತ ಸುಳ್ಳು ಹಬ್ಬಿಸಿ ಅರ್ಧ ಕಣಿವೆನ ಅಳಿಸಿದ್ಲು. ಅಧ್ಯಕ್ಷರೇ ಬಂದು ಸಮಾಧಾನ ಮಾಡಬೇಕಾಯ್ತು."

ಹೊಳೆಯಾಚೆಗೆ ಓಡಿ ಹೋತವನ್ನು ಕೊಂಬು ಹಿಡಿದು ಎಳೆದು ತಂದೆ. ಕತ್ತರಿಸಿದ ಕೂದಲ ಬಳೆ ತೋರಿಸಿದೆ. ಡಾಕ್ಟರು ಬಗ್ಗಿ ನೋಡಿ, "ಚೆನ್ನಾಗಿ ಕತ್ತರಿಸಿದ್ದೀಯ ಕಣಮ್ಮ" ಅಂದರು. ಅಡ್ಡಬಟ್ಟೆ ಕಟ್ಟಿಕೊಂಡ ಹೋತದ ಪಕ್ಕ ನಿಂತು ಅವರೂ ಒಂದು ಫೋಟೋ ತೆಗೆಸಿಕೊಂಡರು.

ಜೀಪು ಹೋಗುವಷ್ಟರಲ್ಲಿ ಅಜ್ಜಿ ಬಕೆಟ್ಟು ಹಿಡಿದು ಕುದುರೆಗಳ ಕಡೆ ಹೊರಟಿದ್ದರು.

"ಎಲ್ಲಿಗೆ ಅಜ್ಜಿ?"

"ಏನೂ ಆಗಿಲ್ಲ ಅಂದರಲ್ಲೇ. ಸುಮ್ಮನೆ ಬಿದ್ದುಕೊಂಡಿದ್ದೆ, ನಿನಗೆಲ್ಲ ಕೆಲಸ ಹೇರಿ."

ಬಕೆಟ್ಟು ಕಿತ್ತುಕೊಳ್ಳಲು ಹೋದೆ. ಬಿಡಲಿಲ್ಲ. ಎಷ್ಟೋ ದಿನಗಳಿಂದ ಅವರ ಮುಖದಲ್ಲಿ ಅಂಥ ಗೆಲುವು ನೋಡಿರಲಿಲ್ಲ.

ಆಗಸ್ಟ್ ೨೬

ತಾಲೂಕು ಕೇಂದ್ರಕ್ಕೆ ಕುದುರೆ ಹತ್ತಿ ಹೋಗಿ ದುಲ್ಮಾ ಅಕ್ಕನನ್ನು ಹಿಡಿದೆ. ನಗಲಿಲ್ಲ, ಕುಣಿಯಲಿಲ್ಲ, ಇದ್ದದ್ದು ಇದ್ದ ಹಾಗೆ ಹೇಳಿದೆ. ಅವಳು ನಂಬಿದಳು. ಒಬ್ಬಳಾದರೂ ನಂಬಿದಳು.

"ಅಯ್ಯೋ ಕತ್ತೆ…" ಎಂದು ತಲೆ ಹಿಡಿದು ಕೂತಳು. "ನಾನೇ ಕಟ್ಟಿಕೊಂಡು ಕಡೆದೆನಲ್ಲೇ."

"ಹಂಗಾದ್ರೆ ನೀನೇ ಹೇಳಕ್ಕಾ. ನಿನ್ನ ಮಾತು ಕೇಳ್ತಾರೆ."

 ಮಗನ ಬೂಟು ಹೊಲಿದು ಬಿಸಿಲಿಗಿಟ್ಟಿದ್ದಳು. ಅದನ್ನು ತಿರುಗಿಸಿ ಇಟ್ಟಳು. "ಹೇಳಿದರೆ ನನ್ನ ಕೆಲಸ ಹೋಗುತ್ತೆ ಕಣೇ. ಆಮೇಲೆ ಈ ಕಣಿವೆಗೆ ಸೂಜಿ ಚುಚ್ಚೋಕೂ ಯಾರೂ ಬರಲ್ಲ. ಬೇರೆ ದಾರಿ ಮಾಡೋಣ. ಅಜ್ಜಿ ಎದೆ ನಿಲ್ಲೋದನ್ನ ಒಂದೇ ಒಂದು ಸಲ ಸರಿಯಾಗಿ ಬರೆಸು. ಅಜ್ಜಿ ಕೈಯಲ್ಲೇ, ಚುಕ್ಕಿ ಆರದ ಹಾಗೆ. ಅದನ್ನ ನಾನು ಆವತ್ತೇ ಕಳಿಸ್ತೀನಿ."

ಗೊಂಬೋ ಮಾಮನಲ್ಲಿಗೂ ಹೋದೆ. ನಿನ್ನ ಜಾಗ ಅಜ್ಜಿಗೆ ಬಿಟ್ಟುಕೊಡು ಎಂದು ಕಾಲು ಹಿಡಿದೆ. ಅವನು ಜೀಪು ಬಂದುಹೋದಾಗಿನಿಂದ ಕುಡಿದಿರಲಿಲ್ಲ. ಹಾಸಿಗೆಯಲ್ಲಿ ಎದೆಯ ಮೇಲೆ ಕೈಯಿಟ್ಟು ಮಲಗಿದ್ದ.

"ನೆಗೆಯುತ್ತೆ ಕಣೇ ಖುಲಾನ್. ನಿಜವಾಗಿ ನೆಗೆಯುತ್ತೆ. ಈಗ ನನಗೇ ಗೊತ್ತಾಗುತ್ತೆ." ಕಣ್ಣಲ್ಲಿ ನೀರಿತ್ತು. "ಒಂಟಿ ಮನುಷ್ಯನ ಸಾವಿನ ಜೊತೆ ತಮಾಷೆ ಮಾಡಬೇಡವೇ."

ಅವನು ನನ್ನನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು.

ಸೆಪ್ಟೆಂಬರ್ ೫

ಪಟ್ಟಿ ಅಜ್ಜಿಯ ಕೈಬಿಟ್ಟು ಕದಲುವುದಿಲ್ಲ. ಅವರು ಮಲಗಿದಾಗ ಪಕ್ಕದಲ್ಲಿ ಕೂತು ಆ ಕೈಯನ್ನು ಹಿಡಿದು ತೂಗುತ್ತೇನೆ. ತೊಟ್ಟಿಲಿನ ಹಾಗೆ. ನಿಧಾನವಾದರೆ ಚುಕ್ಕಿ ಮಂಕು, ಜೋರಾದರೆ ಅಜ್ಜಿಗೆ ಎಚ್ಚರ. ಆ ನಡುವಿನ ಲಯ ಈಗ ನನ್ನ ಕೈಗೆ ಸಿಕ್ಕಿದೆ.

"ಏನೇ ಇದು, ನನ್ನನ್ನ ಕಡೀತಾ ಇದ್ದೀಯಾ?"

"ಬೆಣ್ಣೆ ಬರುತ್ತೇನೋ ನೋಡ್ತಿದೀನಿ."

"ಬರಲ್ಲ. ಹಳೇ ಹಾಲು."

ಕೈ ತುಂಬ ಹಗುರ. ಹೋದ ವರ್ಷ ಇದೇ ಕೈ ನನ್ನ ಕಿವಿ ಹಿಂಡಿ ಗುಡಾರದ ಸುತ್ತ ಓಡಿಸಿತ್ತು.

ಸೆಪ್ಟೆಂಬರ್ ೧೦

ಸಿಕ್ಕಿತು!

ಮಧ್ಯಾಹ್ನ, ನಾನು ತೂಗುತ್ತಿದ್ದಾಗಲೇ. ತುಟಿ ಬಿಳಿಚಿತು, ಕಣ್ಣು ಮೇಲಾಯಿತು. ನಾನು ಕಿರುಚಲಿಲ್ಲ. ಕೈ ತೂಗುವುದನ್ನು ಬಿಡಲಿಲ್ಲ. ಚುಕ್ಕಿ ಹಸಿರಾಗಿಯೇ ಇತ್ತು. ಎದೆ ನಿಂತಿತ್ತು, ನಾನು ತೂಗುತ್ತಿದ್ದೆ. ಆಮೇಲೆ ದೊಡ್ಡ ಉಸಿರು ಬಂತು. "ಚಹಾ ಉಕ್ಕಿತೇನೇ?"

ಎಂಥ ಮೊಮ್ಮಗಳು ನಾನು. ಅಜ್ಜಿ ಸಾಯುವ ಹಾಗಾದಾಗ ಒಳಗೊಳಗೇ ಖುಷಿಪಟ್ಟವಳು.

ಹೇಳಿಕಳಿಸಿದ್ದಕ್ಕೆ ಸಂಜೆಗೆ ದುಲ್ಮಾ ಅಕ್ಕ ಬಂದು ಫೋನಿಗೆ ಇಳಿಸಿಕೊಂಡು, ಕತ್ತಲಾಗುವ ಮುಂಚೆ ಗುಡ್ಡ ಹತ್ತಿದಳು.

ಸೆಪ್ಟೆಂಬರ್ ೧೨

ನಗರದಿಂದ ಉತ್ತರ ಬಂತು. ದುಲ್ಮಾ ಅಕ್ಕ ಮೋಟರ್‌ಸೈಕಲ್ಲಿನಿಂದ ಇಳಿಯದೆ, ನೆಲ ನೋಡುತ್ತ ಹೇಳಿದಳು.

ಪಟ್ಟಿಯ ಒಡತಿಯ ಬಡಿತ ಹೇಗಿರುತ್ತದೆ ಎಂದು ಅಲ್ಲಿನ ಯಂತ್ರ ಇಷ್ಟು ದಿನದಲ್ಲಿ ಕಲಿತುಕೊಂಡಿರುತ್ತದಂತೆ. ಈಗ ಕಳಿಸಿದ್ದು ಅದಕ್ಕೆ ಹೊಂದುವುದಿಲ್ಲವಂತೆ. ಪಟ್ಟಿಯನ್ನು ಬೇರೆ ಯಾರೋ ರೋಗಿಷ್ಠರು ಕಟ್ಟಿಕೊಂಡಿದ್ದಾರೆ, ಇದು ಎನೆಬಿಷ್ ಅವರ ಎದೆ ಅಲ್ಲ ಎಂದು ತಾನೇ ತೆಗೆದುಹಾಕಿತಂತೆ. ಇನ್ನೊಮ್ಮೆ ಹೀಗೆ ಬೇರೆಯವರಿಗೆ ಕಟ್ಟಿದರೆ ಪಟ್ಟಿ ವಾಪಸು ಎಂದು ಎಚ್ಚರಿಕೆಯನ್ನೂ ಕಳಿಸಿದ್ದಾರೆ.

ಅಜ್ಜಿಗೆ ಆ ಹೆಸರಿಟ್ಟವರು ಸಾವಿಗೆ ಮಾತ್ರ ದಾರಿ ತಪ್ಪಲಿ ಅಂದುಕೊಂಡಿದ್ದರು. ಪಾಪ, ಬಾಗಿಲಿಗೆ ಬೇರೆಯವರೂ ಬರಬಹುದು ಎಂದು ಅವರಿಗೆ ಹೊಳೆದಿರಲಿಕ್ಕಿಲ್ಲ.

"ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋಗೋಣ, ಇಲ್ಲಿಗೇ ಜೀಪು ತರಿಸ್ತೀನಿ" ಅಂದಳು ದುಲ್ಮಾ ಅಕ್ಕ. "ಅಲ್ಲೇ ಮಲಗಿಸಿ ನೋಡಲಿ."

ಅಜ್ಜಿ ಕೇಳಿಸಿಕೊಂಡರು. "ಹಾಲು ಕರೆಯೋದು ಮುಗಿಸಿ ಕುದುರೆ ಬಿಡೋ ಹೊತ್ತು ಇದು. ಮರಿಗಳ ಹಗ್ಗ ಬಿಚ್ಚದೆ ಎಲ್ಲಿಗೂ ಬರಲ್ಲ. ಬಿಚ್ಚಿದ ಮಾರನೇ ದಿನ ಹೋಗೋಣ. ನನಗೇನಾಗಿದೆ? ಹದಿನೆಂಟರ ಎದೆ."

ಸೆಪ್ಟೆಂಬರ್ ೨೧

ಗೊಂಬೋ ಮಾಮ ನಗರದಿಂದ ಬಂದ. ಕಾಗದ ತಂದಿದ್ದಾನೆ: ಎದೆ ಕಲ್ಲಿನ ಹಾಗೆ ಗಟ್ಟಿಯಾಗಿದೆ, ಯಂತ್ರ ಬೇಕಿಲ್ಲ. ಅಜ್ಜಿಗೆ ಚಾಕೊಲೇಟು ತಂದಿದ್ದ.  ಬಾಗಿಲಲ್ಲಿ ನಿಂತು ತಾನಾಗಿಯೇ ತುಂಬ ಹೊತ್ತು ಕಡೆದು ಹೋದ.

ಸೆಪ್ಟೆಂಬರ್ ೨೩

ಮರಿಗಳನ್ನು ಬಿಟ್ಟೆವು. ಅಜ್ಜಿಯನ್ನು ಹೊರಗೆ ಕಂಬಳಿ ಹಾಸಿ ಕೂರಿಸಿದ್ದೆ. ಒಂದೊಂದು ಮರಿಯ ನೆತ್ತಿಗೂ ಬೆಣ್ಣೆ ಸವರಿ ಬಿಡಬೇಕು. ನಾನು ಹಿಡಿದು ತಂದೆ, ಅವರು ಸವರಿದರು. ಕೊನೆಯದಕ್ಕೆ ಸವರಿ ಮಿಕ್ಕ ಬೆಣ್ಣೆಯನ್ನು ನನ್ನ ಹಣೆಗೆ ಹಚ್ಚಿದರು.

"ಹೋಗು, ಮೇದುಕೋ" ಅಂದರು.

ಜೀಪು ನಾಳೆ ಬರುತ್ತದೆ.

ಸೆಪ್ಟೆಂಬರ್ ೨೪

ಜೀಪು ಬಂತು. ಬೆಳಗಿನ ಜಾವವೇ ಅಜ್ಜಿ ದೇವರಾಗಿದ್ದರು.

ಅಕ್ಟೋಬರ್ ೬

ಬೆಳಿಗ್ಗೆ ಹಾಲು ಚಿಮುಕಿಸಿ, ಕುದುರೆಗಳಿಗೆ ನೀರು ತೋರಿಸಿ, ಒಲೆಗೆ ಒಣಸಗಣಿ ಆಯಲು ಹೋಗಿದ್ದೆ. ಬೆನ್ನಿಗೆ ಬುಟ್ಟಿ, ಕೈಯಲ್ಲಿ ಕವಲುಕೋಲು. ತಿರುಗಿ ಬಂದಾಗ ದುಲ್ಮಾ ಅಕ್ಕ ಒಳಗೆ ಕೂತಿದ್ದಳು. ಪಟ್ಟಿ ವಾಪಸು ಕೊಡಬೇಕು.

ಅದು ನನ್ನ ಕೈಯಲ್ಲೇ ಇತ್ತು. ಆವತ್ತಿನಿಂದ ಬಿಚ್ಚಿಲ್ಲ.  ಹತ್ತಿರ ಹೋದೊಡನೆ ಅವಳ ಫೋನು ತಾನಾಗಿ ಕೂಗಿತು. ಪರದೆಯ ಮೇಲೆ ಅಜ್ಜಿಯ ಹೆಸರು ಬಂತು. ಹೋದವರ ಹೆಸರನ್ನು ನಾವು ಹೇಳುವುದಿಲ್ಲ, ಬರೆಯುವುದೂ ಇಲ್ಲ. ಫೋನಿಗೆ ಆ ರೀತಿನೀತಿ ಗೊತ್ತಿಲ್ಲ. ಹೆಸರಿನ ಕೆಳಗೆ ಹೀಗೆ ಬಂತು: ಎದೆಬಡಿತ ಚೆನ್ನಾಗಿದೆ.

ದುಲ್ಮಾ ಅಕ್ಕ ಫೋನನ್ನು ಮಗುಚಿ ಇಟ್ಟಳು.

"ಹೋಗಿಬಿಟ್ರು ಅಂತ ಬರೆಯೋಕೆ ಇದರಲ್ಲಿ ಜಾಗ ಹುಡುಕಿ ಸಾಕಾಯ್ತು ಕಣೇ, ಎಲ್ಲೂ ಇಲ್ಲ. ಚುಕ್ಕಿ ಆರಬೇಕಂತೆ. ಆರಿದ ಮೇಲೆ, ಕಟ್ಟಿಕೊಳ್ತಾ ಇಲ್ಲ ಅಂತ ತಾನೇ ಬರಕೊಳ್ಳುತ್ತೆ. ಆಮೇಲೆ ನಾನು ತಗೊಂಡು ಹೋಗಬಹುದು."

ಬಿಚ್ಚಿ ಅಜ್ಜಿಯ ಹಾಸಿಗೆಯ ಮೇಲೆ, ಅವರ ಕೈ ಇರುತ್ತಿದ್ದ ಜಾಗದಲ್ಲಿ ಇಟ್ಟೆ. ಚಹಾ ಬಗ್ಗಿಸಿದೆ. ಇಬ್ಬರೂ ನೋಡುತ್ತ ಕೂತೆವು.

ಚಹಾ ತಣ್ಣಗಾಯಿತು, ಮೇಲೆ ಕೆನೆ ಕಟ್ಟಿತು. ಒಲೆಗೆ ಇನ್ನೊಂದು ಸಲ ಸಗಣಿ ಹಾಕಿದೆ. ಚುಕ್ಕಿ ಹಸಿರಾಗಿಯೇ ಇತ್ತು. ಬೆಳಿಗ್ಗೆಯಿಂದ ಬುಟ್ಟಿ ತುಂಬುವಾಗ ಅದನ್ನೂ ಅಷ್ಟು ತುಂಬಿಬಿಟ್ಟಿದ್ದೆ.